ನೀರಗಂಟಿಯ ನಾಲಿಗೆ

ಯಂತ್ರಕ್ಕೆ ಕಣ್ಣು ಕೊಟ್ಟವರಿದ್ದಾರೆ, ಕಿವಿ ಕೊಟ್ಟವರೂ ಇದ್ದಾರೆ. ನಾನು ನಾಲಿಗೆ ಕೊಟ್ಟೆ. ಹಾಗೆಂದು ಹೇಳಿಕೊಂಡು ಎರಡು ವರ್ಷ ಚೆನ್ನಾಗಿ ಬೀಗಿದೆ. ಕೊಟ್ಟ ನಾಲಿಗೆ ಯಾರದು ಎಂದು ಮಾತ್ರ ವಿಚಾರಿಸಿರಲಿಲ್ಲ.

ಮೊದಲಿನಿಂದ ಹೇಳಬೇಕು. ನಗರದ ಬಚ್ಚಲು, ಕಕ್ಕಸುಗಳ ನೀರನ್ನೆಲ್ಲ ಒಂದೆಡೆ ಸೇರಿಸಿ, ಸೋಸಿ, ಸಂಸ್ಕರಿಸಿ, ತೊಂಬತ್ತು ಕಿಲೋಮೀಟರ್ ಕೊಳವೆಯಲ್ಲಿ ಕೆಂಚಿಹೊಳೆಯ ಕಣಿವೆಗೆ ಹರಿಸುವ ಯೋಜನೆ ನಮ್ಮದು. ಕೆಂಚಿಹೊಳೆ ಎಂದರೆ ಹೆಸರಿಗೆ ಹೊಳೆ. ಮೂವತ್ತಾರು ಕೆರೆಗಳು ಒಂದರ ಕೆಳಗೊಂದು ಇದ್ದು, ಮೇಲಿನದು ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ಎಲ್ಲಕ್ಕೂ ಮೇಲಿನದು ಹೊಸಗಟ್ಟದ ದೊಡ್ಡಕೆರೆ. ಅಲ್ಲಿಗೆ ನೀರು ಬಿಟ್ಟರೆ ಇಡೀ ಕಣಿವೆಗೆ ಬಿಟ್ಟ ಹಾಗೆ.

ಹೊಸಗಟ್ಟ ಒಪ್ಪಲಿಲ್ಲ. ಆರು ವರ್ಷ ಒಪ್ಪಲಿಲ್ಲ. ಹೆಂಗಸರು ಕೊಳವೆಗಳ ಮೇಲೆ ಸಾಲಾಗಿ ಕೂತರು, ಬಿಸಿಲು ಚೆನ್ನಾಗಿದ್ದ ದಿನ ಅದರ ಮೇಲೆಯೇ ಬಟ್ಟೆ ಒಣಹಾಕಿದರು. ನಮ್ಮ ಮುಖ್ಯ ಎಂಜಿನಿಯರರು ದಪ್ಪ ದಪ್ಪ ವರದಿ ಹಿಡಿದು ಹೋಗಿ, ಈ ನೀರು ಕುಡಿಯುವುದಕ್ಕಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ ಎಂದು ವಿವರಿಸಿದರು. ಹೋರಾಟ ಸಮಿತಿಯ ಪಿಳ್ಳೇಗೌಡರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಕೆರೆ ತುಂಬಿದ್ ಮ್ಯಾಲೆ ನಮ್ ಬಾವಿಗೆ ಬರೋದು ಅದೇ ನೀರಲ್ವ ಸ್ವಾಮಿ? ನಮ್ ನೀರಗಂಟಿ ಬಾಯಿಗಿಕ್ಕಿ ನೋಡ್ದೆ ಇಲ್ಲಿ ಯಾವ ನೀರೂ ಮುಂದಕ್ಕೆ ಓಗಾಕಿಲ್ಲ."

ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೆ ನೀರು ಹಂಚುವವರು ನೀರಗಂಟಿ. ಕಣಿವೆಯ ಬೇರೆಲ್ಲ ಊರುಗಳಲ್ಲಿ ಆ ಕೆಲಸವೇ ಹೋಗಿತ್ತು, ಹೊಸಗಟ್ಟದಲ್ಲಿ ಉಳಿದಿತ್ತು. ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಕೆರೆಗೆ ಹೊಸ ನೀರು ಬಂದಾಗ ತೂಬು ಎತ್ತುವ ಮೊದಲು ನೀರಗಂಟಿ ಊರಿನೆದುರು ಒಂದು ಬೊಗಸೆ ಕುಡಿಯಬೇಕು. ಕುಡಿದು 'ಒಳ್ಳೇದು' ಎಂದರೆ ಮಾತ್ರ ನೀರು ಗದ್ದೆಗೆ, ಮನೆಗೆ. ನೀರಗಂಟಿಯ ಮನೆ ಊರಾಚೆಯ ಕೇರಿಯಲ್ಲಿ. ಮೊದಲ ಬೊಗಸೆ ಕುಡಿಯುವ ಅಪಾಯದ ಕೆಲಸಕ್ಕೆ ಊರು ಯಾರನ್ನು ಆರಿಸಿಕೊಂಡಿತ್ತು ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ನಾನು ಗಮನಿಸಿದ್ದು ಬೇರೆ: ಇಲ್ಲೊಬ್ಬರಿಗೆ ನೀರಿನ ರುಚಿ ಗೊತ್ತಿದೆ!

ನನ್ನ ಪ್ರಯೋಗಾಲಯಕ್ಕೆ ಬೇಕಾಗಿದ್ದದ್ದು ಅದೇ. ಮನುಷ್ಯರ ನಾಲಿಗೆಯ ಮೇಲೆ ರುಚಿ ಹಿಡಿಯುವಂಥ ಜೀವಕೋಶಗಳನ್ನೇ ಬೆಳೆಸಿ, ಉಗುರಿನಷ್ಟಗಲದ ಗಾಜಿನ ಬಿಲ್ಲೆಯ ಮೇಲೆ ನಾವು ಹರಡಿದ್ದೆವು. ನೀರು ತಾಗಿದರೆ ಕೋಶಗಳು ಮಿನುಗುತ್ತವೆ. ಉಪ್ಪಿಗೆ ಒಂದು ಗುಂಪು, ಹುಳಿಗೆ ಒಂದು, ಕಹಿಗೆ ಒಂದು. ಕೆರೆ ತುಂಬ ನೀರಿಗೆ ಚಿಟಿಕೆಯಷ್ಟು ಕಲಬೆರಕೆಯಾದರೂ ಅವಕ್ಕೆ ತಿಳಿಯುತ್ತದೆ. ಆದರೆ ಮಿನುಗಿದರೆ ಸಾಲದು, ಮಿನುಗಿಗೆ ಅರ್ಥ ಹೇಳಿಕೊಡುವವರು ಬೇಕು. ಈ ಮಿನುಗು ಒಳ್ಳೆಯ ನೀರು, ಈ ಮಿನುಗು ಬೇಡದ ನೀರು ಎಂದು ನೂರಾರು ಸಲ ಪಾಠ ಮಾಡಿದ ಮೇಲೆ ಯಂತ್ರ ತಾನೇ ತೀರ್ಪು ಹೇಳಲು ಕಲಿಯುತ್ತದೆ.

ಪಾಠ ಮಾಡಲು ಮುನಿವೆಂಕಟಮ್ಮ ಒಪ್ಪಿದರು. ಗಂಡ ತೀರಿಕೊಂಡ ಮೇಲೆ, ಮೈದುನ ಸೊಣ್ಣಪ್ಪನ ಜೊತೆ ಜಗಳವಾಡಿ, ಪಂಚಾಯಿತಿ ಕಟ್ಟೆ ಹತ್ತಿಳಿದು ನೀರಗಂಟಿಯ ಕೋಲು ಹಿಡಿದ ಹೆಂಗಸು. ನಾನು ಬೇರೆ ಬೇರೆ ಪ್ರಮಾಣದಲ್ಲಿ ಉಪ್ಪು, ಸುಣ್ಣ, ತುಕ್ಕು, ಕೊಳೆತ ಎಲೆಯ ರಸ, ಬೇವಿನ ಕಷಾಯ ಬೆರೆಸಿದ ಆರುನೂರ ನಲವತ್ತು ಬಾಟಲಿಗಳಿಗೆ ನಂಬರು ಅಂಟಿಸಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕಳಿಸಿದೆ. ಬಾಯಿಗೆ ಹಾಕಿ ಉಗುಳಿದರೆ ಸಾಕಿತ್ತು. ಅವರು ದಿನಾ ಮಧ್ಯಾಹ್ನ ಫೋನು ಮಾಡಿ ಹೇಳುತ್ತಿದ್ದರು: "ಮುನ್ನೂರ ಹನ್ನೆಲ್ಡು, ಒಳ್ಳೇದು. ಮುನ್ನೂರ ಹದಿಮೂರು, ಬ್ಯಾಡ." ಉಪ್ಪಿನಲ್ಲಿ, ಕೊಳೆತದ್ದರಲ್ಲಿ ಅವರ ಮಾತು ಒಮ್ಮೆಯೂ ತಪ್ಪಲಿಲ್ಲ. ನಾನು ಕುಣಿದಾಡಿಬಿಟ್ಟೆ. ಮೂರು ತಿಂಗಳಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿ ಅವರು ರುಚಿ ನೋಡುವುದನ್ನು ನೋಡಲಿಲ್ಲ. ತೊಂಬತ್ತು ಕಿಲೋಮೀಟರ್ ದೂರವಲ್ಲವೆ, ಸೋಮಾರಿತನ.

ಯಂತ್ರ ಸಿದ್ಧವಾದ ಸುದ್ದಿ ಹೊಸಗಟ್ಟಕ್ಕೆ ಮುಟ್ಟಿದಾಗ ಆರು ವರ್ಷದ ಗಂಟು ಸಡಿಲವಾಯಿತು. ಪಿಳ್ಳೇಗೌಡರು ಸಮಿತಿಯ ಸಭೆ ಕರೆದು, "ಮಿಷನ್ ಒಳಗಿರೋದು ನಮ್ ಮುನೆಂಕಟಮ್ಮನ ನಾಲ್ಗೆ. ಅದು ಬ್ಯಾಡ ಅಂದ್ರೆ ಬ್ಯಾಡ, ಒಳ್ಳೇದು ಅಂದ್ರೆ ಒಳ್ಳೇದು" ಎಂದರಂತೆ. ಕೊಳವೆಯ ಮೇಲಿನ ಬಟ್ಟೆಗಳು ಮನೆಗೆ ಹೋದವು. ಕೊಳವೆಯ ತುದಿಯಲ್ಲಿ, ಕೆರೆಯ ಏರಿಗೆ ಹೊಂದಿಕೊಂಡು ಕಟ್ಟಿದ ತೊಟ್ಟಿಗೆ ನೀರು ಬಂದು ನಿಂತಿತು. ತೊಟ್ಟಿಯ ಗೇಟು ಎತ್ತಲು ಶುಕ್ರವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು.

ಅದರ ಹಿಂದಿನ ಸೋಮವಾರ ನಿಯಂತ್ರಣ ಕೊಠಡಿಯಲ್ಲಿ ನಾನು ಮತ್ತು ಲಾರೆನ್ಸ್ ಇಬ್ಬರೇ ಇದ್ದೆವು. ಲಾರೆನ್ಸ್ ನನ್ನ ಸಹೋದ್ಯೋಗಿ, ಕೆಲಸದಲ್ಲಿ ಗಟ್ಟಿಗ, ಕೀಟಲೆಯಲ್ಲಿ ಇನ್ನೂ ಗಟ್ಟಿಗ. ಕ್ಯಾಂಟೀನಿನಿಂದ ತಂದ ಕಾಫಿ ಡಿಕಾಕ್ಷನ್ನು ಬಾಯಿಗಿಡಲಾಗದಷ್ಟು ಕಹಿಯಾಗಿತ್ತು.

"ಚಂಪಕಾ, ಇದನ್ನ ನಿಮ್ಮ ನಾಲಿಗೆಗೆ ಕೊಟ್ಟು ನೋಡೋಣ, ಕ್ಯಾಂಟೀನಿನವನ ಮೇಲೆ ಕಂಪ್ಲೇಂಟ್ ಬರೆಯೋಕೆ ಸಾಕ್ಷಿ ಆಗುತ್ತೆ" ಎಂದು ನಾಲ್ಕು ಹನಿ ನೀರಿಗೆ ಬೆರೆಸಿ ಯಂತ್ರಕ್ಕೆ ಹಾಕಿದ.

ಪರದೆಯ ಮೇಲೆ ಹಸಿರು ಅಕ್ಷರ ಬಂತು: ಒಳ್ಳೆಯ ನೀರು.

ಲಾರೆನ್ಸ್ ನಕ್ಕ. ನಾನು ನಗಲಿಲ್ಲ. ಬೇವಿನ ಕಷಾಯ ಹಾಕಿದೆ. ಒಳ್ಳೆಯ ನೀರು. ಹಾಗಲಕಾಯಿ ಹಿಂಡಿ ಹಾಕಿದೆ. ಒಳ್ಳೆಯ ನೀರು. ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಹಿಯ ಕೋಶಗಳು ಜಾತ್ರೆಯ ದೀಪಗಳ ಹಾಗೆ ಉರಿಯುತ್ತಿವೆ! ಅಂದರೆ ನಾಲಿಗೆಗೆ ಕಹಿ ತಿಳಿಯುತ್ತಿದೆ, ತೀರ್ಪು ಕೊಡುವ ಭಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಹಳೆಯ ಪಟ್ಟಿ ತೆಗೆದು ನೋಡಿದೆ. ಬೇವು ಬೆರೆಸಿದ ಎಪ್ಪತ್ತೊಂದು ಬಾಟಲಿಗಳಿಗೂ ಮುನಿವೆಂಕಟಮ್ಮ 'ಒಳ್ಳೇದು' ಎಂದಿದ್ದರು. ಉಪ್ಪಿನ ಉತ್ತರಗಳು ಸರಿಯಾಗಿದ್ದ ಖುಷಿಯಲ್ಲಿ ಆ ಪುಟ ನಾನು ತಿರುವಿಯೇ ಇರಲಿಲ್ಲ.

ಇಷ್ಟಾದ ಮೇಲೆ ಕೊಳವೆಯ ನೀರನ್ನು ಮತ್ತೆ ನೋಡದೆ ಇರಲಾದೀತೆ? ತೀರ್ಪನ್ನು ಬದಿಗಿಟ್ಟು, ಹಿಂದಿನ ಕೆಲವು ವಾರಗಳ ದಾಖಲೆ ತೆಗೆದು ಬರೀ ಮಿನುಗನ್ನು ನೋಡಿದೆವು. ಸಂಸ್ಕರಿಸಿದ ನೀರಿನಲ್ಲಿ ಕಹಿಯ ಕೋಶಗಳು ಮಂದವಾಗಿ ಮಿನುಗುತ್ತಿದ್ದವು. ಆಶ್ಚರ್ಯವೆಂದರೆ ಆ ಮಿನುಗಿಗೆ ಒಂದು ಸಮಯವಿತ್ತು. ಪ್ರತಿದಿನ ಸಂಜೆಯ ಹೊತ್ತಿಗೆ ಏರುತ್ತಿತ್ತು, ಬೆಳಗಿನ ಜಾವ ಇಳಿಯುತ್ತಿತ್ತು. ಯಾಕೆಂದು ಇಬ್ಬರೂ ತಲೆ ಕೆರೆದುಕೊಂಡೆವು.

ಮರುದಿನ ಬೆಳಿಗ್ಗೆ ಮನೆಯಲ್ಲಿ ನನಗೆ ಅದು ಹೊಳೆಯಿತು. ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ನಾನು ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೆ. ಪಕ್ಕದಲ್ಲಿ ಗಂಡ ಬಿಪಿ ಮಾತ್ರೆ ನುಂಗುತ್ತಿದ್ದರು. ಅತ್ತೆ ತಟ್ಟೆಯ ಮುಂದೆ ಸಕ್ಕರೆ ಕಾಯಿಲೆಯ ಎರಡು ಮಾತ್ರೆ ಇಟ್ಟುಕೊಂಡು ಇಡ್ಲಿಗೆ ಕಾಯುತ್ತಿದ್ದರು. ಇಡೀ ನಗರ ಇದೇ ಹೊತ್ತಿಗೆ ಮಾತ್ರೆ ನುಂಗುತ್ತದೆ. ಮೈಗೆ ಬೇಕಾದಷ್ಟು ಉಳಿದು ಮಿಕ್ಕಿದ್ದು ಕಕ್ಕಸಿಗೆ, ಅಲ್ಲಿಂದ ನಮ್ಮ ಸಂಸ್ಕರಣಾ ಘಟಕಕ್ಕೆ, ಸಂಜೆಗೆ ನಮ್ಮ ಬಿಲ್ಲೆಗೆ. ಹೊಸಗಟ್ಟಕ್ಕೆ ನಾವು ಕಳಿಸಲಿದ್ದದ್ದು ನಮ್ಮ ತಿಂಡಿಯ ನಂತರದ ಮಾತ್ರೆಗಳನ್ನು. ಅಷ್ಟು ಸಣ್ಣ ಪ್ರಮಾಣ ಅಪಾಯವೆ? ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಅದನ್ನು ಹುಡುಕಿರಲಿಲ್ಲ. ನನಗೆ ನಾಚಿಕೆಯಾಯಿತು.

ಅದೇ ದಿನ ಹೊಸಗಟ್ಟಕ್ಕೆ ಹೊರಟೆ. ಮುನಿವೆಂಕಟಮ್ಮ ಹಿತ್ತಲಲ್ಲಿ ಒಲೆ ಹೊತ್ತಿಸಿ ಹುರುಳಿ ಸಾರು ಮಾಡುತ್ತಿದ್ದರು.

"ಬನ್ನಿ ಮೇಡಂ, ಬಿಸಿಬಿಸಿ ಮುದ್ದೆ ಐತೆ, ಉಣ್ಣೋರಂತೆ" ಎಂದು ಮಣೆ ಹಾಕಿದರು.

ಸಾರಿಗೆ ಉಪ್ಪು ಹಾಕುವುದನ್ನು ನೋಡಿದೆ. ಕೈಯಳತೆಯಲ್ಲೇ ಅಡುಗೆ ಮಾಡಿ ರೂಢಿಯಿರುವ ಹೆಂಗಸು, ಚಮಚದ ಮೇಲಿನ ಉಪ್ಪನ್ನು ಮಟ್ಟಸವಾಗಿ ಸವರಿ ಎರಡು ಸಲ ಅಳೆದು ಹಾಕಿದರು. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಲಿಲ್ಲ. ಊಟ ಮಾಡುತ್ತ ನಾನು ಕೇಳಿಯೇಬಿಟ್ಟೆ.

"ಮುನಿವೆಂಕಟಮ್ಮ, ನಿಮಗೆ ಬಾಯಿ ರುಚಿ ಇಲ್ಲ ಅಲ್ವಾ?"

ಅವರ ಕೈ ನಿಂತಿತು. ಬೀದಿಯ ಕಡೆ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಮೂರ್ ವರ್ಸ ಆಯ್ತು ಮೇಡಂ. ಜ್ವರ ಬಂದಿತ್ತಲ್ಲ ಎಲ್ರಿಗೂ, ಆವಾಗ ಓಯ್ತು. ವಾಸನೇನೂ ಇಲ್ಲ, ರುಚೀನೂ ಇಲ್ಲ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾದೆ. ಬರ್ಲಿಲ್ಲ."

"ಮತ್ತೆ ಆರುನೂರು ಬಾಟಲಿ? ಉಪ್ಪು, ಕೊಳೆತದ್ದು ಎಲ್ಲ ಹೆಂಗೆ ಸರಿಯಾಗಿ ಹೇಳಿದ್ರಿ?"

ಅವರು ತಲೆ ತಗ್ಗಿಸಿ ಹಿತ್ತಲಿನ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಗೂಟಕ್ಕೆ ಕಟ್ಟಿದ ಕಂದು ಮೇಕೆಯೊಂದು ಮೆಲುಕು ಹಾಕುತ್ತ ನಿಂತಿತ್ತು.

"ತೆಂಗಿನ ಚಿಪ್ಪಿಗೆ ಉಯ್ದು ಅದರ ಮುಂದೆ ಇಕ್ತಿದ್ದೆ. ಕುಡುದ್ರೆ ಒಳ್ಳೇದು. ಮೂಸಿ ಮೂತಿ ತಿರುಗಿಸಿದ್ರೆ ಬ್ಯಾಡ. ಮೇಕೆ ಕೆಟ್ ನೀರು ಮುಟ್ಟಾಕಿಲ್ಲ ಮೇಡಂ. ಹೋದ್ ವರ್ಸ ಕೆರೆಗೆ ಮಳೆ ನೀರು ಬಂದಾಗ್ಲೂ ಹಿಂದಿನ್ ದಿನಾನೇ ಹೊಡ್ಕೊಂಡ್ ಹೋಗಿ ಕುಡಿಸಿ ನೋಡಿದ್ದೆ. ಆಮ್ಯಾಕೆ ನಾನು ಎಲ್ರ ಎದುರಿಗೆ ಕುಡಿದೆ."

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ನಗುವೂ ಬಂತು. ದೇಶವಿದೇಶದ ಸಮ್ಮೇಳನಗಳಲ್ಲಿ ನಾನು ಭಾಷಣ ಮಾಡಿ ಬಂದದ್ದು ಈ ಮೇಕೆಯ ಮೇಲೆ! ಕಹಿಯ ಗುಟ್ಟೂ ಬಯಲಾಯಿತು. ಮೇಕೆಗೆ ಕಹಿ ಬೇಡದ್ದಲ್ಲ. ಅದು ನನ್ನೆದುರಿಗೇ ಬೇವಿನ ಸೊಪ್ಪನ್ನು ಹಬ್ಬದೂಟದಂತೆ ಜಗಿಯುತ್ತಿತ್ತು. ಯಂತ್ರ ಪಾಠವನ್ನು ಚೆನ್ನಾಗಿಯೇ ಕಲಿತಿತ್ತು, ಮೇಷ್ಟ್ರು ಮಾತ್ರ ನಾನು ಅಂದುಕೊಂಡವರಲ್ಲ.

ಮಾತ್ರೆಗಳ ವಿಷಯ ಬಿಡಿಸಿ ಹೇಳಿದೆ.

"ಯಾರಿಗೂ ಹೇಳ್ಬೇಡಿ ಮೇಡಂ. ಸೊಣ್ಣಪ್ಪ ಇದ್ನೇ ಕಾಯ್ತವ್ನೆ. ಹೆಂಗಸ್ರ ಕೈಗೆ ಕೋಲು ಕೊಟ್ರೆ ಇಂಗೇ ಆಗೋದು ಅಂತಾನೆ. ಕೋಲು ಕಿತ್ಕೊಂಡ್ರೆ ನಾನು ಈ ಊರಾಗೆ ಯಾರು?"

ಅವರನ್ನು ಉಳಿಸುವ ದಾರಿ ನನಗೆ ಸುಲಭವಾಗಿ ಕಂಡಿತು. ಯಂತ್ರ ಕೆಟ್ಟಿದೆ ಎಂದು ಹೇಳಿಬಿಟ್ಟರಾಯಿತು, ತಪ್ಪು ನನ್ನ ಮೇಲೆ ಬರುತ್ತದೆ, ಅವರ ಹೆಸರು ಬರುವುದಿಲ್ಲ. ಹಾಗೆಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಮಿಷನ್ ಕೆಟ್ಟೈತೆ ಅಂದ್ರೆ ಊರ್ನೋರು ಏನಂತಾರೆ ಹೇಳಿ? ಮಿಷನ್ ಯಾಕೆ, ಮುನೆಂಕಟಮ್ಮ ಇದ್ದಾಳಲ್ಲ, ಅವ್ಳೇ ಕುಡೀಲಿ ಅಂತಾರೆ. ನಾನು ಕುಡೀಬೇಕು. ಕುಡುದು ಏನಂತ ಹೇಳ್ಲಿ? ಒಳ್ಳೇದು ಅಂದ್ರೂ ಸುಳ್ಳು, ಬ್ಯಾಡ ಅಂದ್ರೂ ಸುಳ್ಳು."

ಶುಕ್ರವಾರ ನಾನು ಯಂತ್ರವನ್ನು ನಂಬಬೇಡಿ ಎಂದು ಹೇಳುವುದು ಖಂಡಿತ, ಉಳಿದದ್ದು ನಿಮಗೆ ಬಿಟ್ಟದ್ದು ಎಂದು ಹೇಳಿ ಎದ್ದು ಬಂದೆ. ಮುಖ್ಯ ಎಂಜಿನಿಯರರಿಗೆ ವಿಷಯ ತಿಳಿಸಿದಾಗ ಅವರು, "ಒಪ್ಪಿದ ಊರನ್ನ ಕೆಣಕಬೇಡಿ, ಕಹಿಯನ್ನ ಆಮೇಲೆ ನೋಡಿಕೊಳ್ಳೋಣ" ಎಂದರು. ನಾನು ಆಗಲ್ಲ ಸರ್ ಎಂದು ಫೋನಿಟ್ಟೆ.

ಶುಕ್ರವಾರ ಬೆಳಿಗ್ಗೆ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಪಿಳ್ಳೇಗೌಡರು ಬಿಳಿ ಪಂಚೆ ಉಟ್ಟು ಬಂದಿದ್ದರು. ಸೊಣ್ಣಪ್ಪ ಮುಂದಿನ ಸಾಲಿನಲ್ಲಿದ್ದ. ತೊಟ್ಟಿಯ ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಮುಖ್ಯ ಎಂಜಿನಿಯರರು ಕೆಮ್ಮಿದ್ದನ್ನು ಲೆಕ್ಕಿಸದೆ ನಾನು ಹೇಳಿದೆ: ಯಂತ್ರಕ್ಕೆ ಕಹಿಯನ್ನು ಬೇಡವೆನ್ನಲು ಬರುವುದಿಲ್ಲ, ಈ ನೀರಿನಲ್ಲಿ ಔಷಧಿಯ ಕಹಿ ಸ್ವಲ್ಪ ಉಳಿದಿದೆ, ಆದ್ದರಿಂದ ಇವತ್ತು ಯಂತ್ರದ ಮಾತು ನಂಬಬೇಡಿ.

ಗದ್ದಲವೆದ್ದಿತು. ಪಿಳ್ಳೇಗೌಡರು ಕೈ ಎತ್ತಿ ಸುಮ್ಮನಾಗಿಸಿದರು.

"ಮಿಷನ್ ಹೋದ್ರೆ ಹೋಯ್ತು. ಮಿಷನ್ ಬರೋಕ್ ಮುಂಚೆ ನಾವು ಬದುಕಿರ್ಲಿಲ್ವ? ಮುನೆಂಕಟಮ್ಮ, ಇಳಿಯಮ್ಮ. ಒಂದ್ ಬೊಗ್ಸೆ ಕುಡ್ದು ಹೇಳು."

ಅಂದು ಹಿತ್ತಲಲ್ಲಿ ಅವರು ಹೇಳಿದ ಹಾಗೆಯೇ ಆಗಿತ್ತು. ಮುನಿವೆಂಕಟಮ್ಮ ಕೋಲನ್ನು ಏರಿಯ ಕಲ್ಲಿಗೆ ಒರಗಿಸಿ, ಮೆಟ್ಟಿಲಿಳಿದು, ಬೊಗಸೆ ತುಂಬ ನೀರು ಎತ್ತಿಕೊಂಡರು. ತುಟಿಯವರೆಗೆ ತಂದರು. ಕುಡಿದುಬಿಡುತ್ತಾರೆ ಎಂದು ನನಗೆ ನಿಜವಾಗಿ ಭಯವಾಯಿತು. ಬೊಗಸೆಯ ಸಂದಿನಿಂದ ನೀರೆಲ್ಲ ಸೋರಿ ಹೋಗುವವರೆಗೆ ಹಾಗೆಯೇ ನಿಂತಿದ್ದರು.

"ನಂಗೆ ಬಾಯಿ ರುಚಿ ಇಲ್ಲ ಗೌಡ್ರೆ. ಮೂರ್ ವರ್ಸದಿಂದ ಇಲ್ಲ."

ಸೊಣ್ಣಪ್ಪ ಎದ್ದು ನಿಂತ. "ಮತ್ತೆ ಹೋದ್ ವರ್ಸ ಒಳ್ಳೇದು ಅಂದ್ಯಲ್ಲ, ಅದ್ ಯಾರ್ ಹೇಳಿದ್ದು?"

"ನನ್ ಮೇಕೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು, ನಗು ಏರಿಯುದ್ದಕ್ಕೂ ಹಬ್ಬಿತು. ನಗದವರು ಬೈದರು. ಊರಿಗೆ ಮೋಸ ಮಾಡಿದಳು, ಕೋಲು ಕಿತ್ತುಕೊಳ್ಳಿ ಎಂದು ಕೂಗು ಎದ್ದಿತು. ಸೊಣ್ಣಪ್ಪ ಆಗಲೇ ಕೋಲಿನ ಮೇಲೆ ಕೈ ಇಟ್ಟಿದ್ದ.

"ತಗೋ ಸೊಣ್ಣಪ್ಪ," ಎಂದರು ಮುನಿವೆಂಕಟಮ್ಮ. "ಕೋಲು ನಿಂದೇ. ಇಳ್ದು ಬಾ. ಮೊದ್ಲು ಒಂದ್ ಬೊಗ್ಸೆ ಕುಡಿ."

ಸೊಣ್ಣಪ್ಪ ತೊಟ್ಟಿಯ ನೀರು ನೋಡಿದ, ನನ್ನ ಮುಖ ನೋಡಿದ. ಕೋಲು ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದ.

ಮುನಿವೆಂಕಟಮ್ಮನ ದನಿ ಏರಿತು. "ನಮ್ ಮಾವ ಕುಡ್ದ, ನಮ್ಮೆಜಮಾನ್ರು ಕುಡುದ್ರು, ನಾನು ಕುಡುದೆ. ನೀವೆಲ್ಲ ಏರಿ ಮ್ಯಾಲೆ ನಿಂತ್ಕೊಂಡು ನಮ್ಗೆ ಏನಾಗ್ತದೆ ಅಂತ ನೋಡುದ್ರಿ. ನನ್ ನಾಲ್ಗೆ ಓಯ್ತು, ನಿಮ್ದು ಐತಲ್ಲ. ಗೌಡ್ರೆ, ನೀವ್ ಇಳೀರಿ. ಯಾರಾದ್ರೂ ಇಳೀರಿ."

ಯಾರೂ ಇಳಿಯಲಿಲ್ಲ. ಮುನಿವೆಂಕಟಮ್ಮನ ಕಣ್ಣು ಸಾಲನ್ನೆಲ್ಲ ದಾಟಿ ನನ್ನ ಮೇಲೆ ಬಂದು ನಿಂತಿತು. ಆಗ ನನಗೆ ಅರಿವಾಯಿತು, ಎಂಟು ವರ್ಷದಿಂದ ಈ ನೀರಿನ ಕೆಲಸ ಮಾಡುತ್ತಿದ್ದೇನೆ, ಒಂದು ಹನಿಯನ್ನೂ ಬಾಯಿಗೆ ಹಾಕಿಕೊಂಡವಳಲ್ಲ. ಯಂತ್ರ ಕಟ್ಟಿದೆ, ಯಂತ್ರಕ್ಕೆ ಕಲಿಸಲು ಇನ್ನೊಬ್ಬರ ಬಾಯಿ ಹುಡುಕಿದೆ. ನಾನೂ ಏರಿಯ ಮೇಲೆಯೇ ನಿಂತಿದ್ದೆ. ಚಪ್ಪಲಿ ಬಿಟ್ಟು ಇಳಿದು ಒಂದು ಬೊಗಸೆ ಕುಡಿದೆ. ನೀರು ತಣ್ಣಗಿತ್ತು.

"ಹೆಂಗೈತೆ?" ಎಂದರು ಪಿಳ್ಳೇಗೌಡರು.

"ನನಗೆ ಗೊತ್ತಾಗ್ತಿಲ್ಲ," ಎಂದೆ. ಅದು ನಿಜವಾಗಿತ್ತು. "ಬಿಲ್ಲೆಗೆ ಗೊತ್ತಾಗುತ್ತೆ. ಆದರೆ ಯಾವುದು ಬೇಡ ಅಂತ ಅದಕ್ಕೆ ನೀವು ಹೇಳಿಕೊಡಬೇಕು. ಒಬ್ಬರಲ್ಲ, ಎಲ್ಲರೂ."

ಅಂದು ಗೇಟು ಏಳಲಿಲ್ಲ. ಪಿಳ್ಳೇಗೌಡರು ಕೊನೆಗೆ, ಮನೆಗೊಬ್ಬರಂತೆ ರುಚಿ ಹೇಳಿಕೊಡಲಿ, ಯಂತ್ರ ಹೊಸದಾಗಿ ಕಲಿಯಲಿ, ಅಲ್ಲಿಯವರೆಗೆ ತೊಟ್ಟಿಯ ಬಾಗಿಲಿಗೆ ಬೀಗ ಎಂದು ಹೇಳಿದರು. ಕೋಲಿನ ಮಾತು ಸೊಣ್ಣಪ್ಪ ಮತ್ತೆ ಎತ್ತಲಿಲ್ಲ. ಬಾಟಲಿಗಳನ್ನು ಮನೆಮನೆಗೆ ಒಯ್ದು, ಜನ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಮುನಿವೆಂಕಟಮ್ಮನಿಗೆ ಬಂತು. ನಗರದಲ್ಲಿ ನಮಗೂ ಕೆಲಸ ಬಂತು. ಮಾತ್ರೆಯ ಕಹಿ ಹೀರುವ ಇದ್ದಿಲಿನ ಸೋಸುಗವನ್ನು ಘಟಕಕ್ಕೆ ಸೇರಿಸಬೇಕೆಂದು ಮುಖ್ಯ ಎಂಜಿನಿಯರರು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು.

ಮೊದಲ ಪೆಟ್ಟಿಗೆ ಹೊತ್ತು ಹೋದ ದಿನ ನಾನೂ ಜೊತೆಗಿದ್ದೆ. ಈ ಸಲ ಸೋಮಾರಿತನ ಮಾಡಲಿಲ್ಲ. ಮೊದಲ ಮನೆ ಪಿಳ್ಳೇಗೌಡರದು. ಮುನಿವೆಂಕಟಮ್ಮ ಅಂಗಳದಲ್ಲಿ ನಿಂತರು. ಗೌಡರು ಜಗಲಿ ತೋರಿಸಿ, "ಮ್ಯಾಲೆ ಬಾಮ್ಮ, ಬಿಸ್ಲು" ಎಂದರು. ಮುನಿವೆಂಕಟಮ್ಮ ಹತ್ತಿ ಅಂಚಿನಲ್ಲಿ ಕೂತು, ಒಂದನೇ ನಂಬರಿನ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದರು. ಅದರಲ್ಲಿದ್ದದ್ದು ಬೇವು. ಅದು ನನಗೆ ಗೊತ್ತಿತ್ತು, ಅವರಿಬ್ಬರಿಗೂ ಗೊತ್ತಿರಲಿಲ್ಲ.

ಗೌಡರು ಲೋಟವನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಮುನಿವೆಂಕಟಮ್ಮನ ಕಡೆ ಚಾಚಿದರು.

"ಮೊದ್ಲು ನೀನೊಂದ್ ಗುಟುಕು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಚಾಚಿದ ಕೈ ಚಾಚಿದ ಹಾಗೆಯೇ ಇತ್ತು.

ಮುನಿವೆಂಕಟಮ್ಮ ಲೋಟ ಮುಟ್ಟಲಿಲ್ಲ. ಪುಸ್ತಕ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕಾದರು.

ಗೌಡರು ಕೈ ಹಿಂದಕ್ಕೆಳೆದುಕೊಂಡರು. ಕಣ್ಣು ಮುಚ್ಚಿ ಕುಡಿದರು.

"ಕಹಿ," ಎಂದರು. "ಬ್ಯಾಡ."

ಮುನಿವೆಂಕಟಮ್ಮ ಬರೆದುಕೊಂಡರು.